ಸ್ಥಿರ ಶಾಖೆಯನ್ನು ಹೊಸ ಅಭಿವೃದ್ಧಿಯಿಂದ ಬೇರೆಯಾಗಿ ಕಾಪಾಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಯ್ದಿಡುವ ಗಿಟ್‌ನಲ್ಲಿ ಸ್ಥಿರ ಶಾಖೆಯೊಂದನ್ನು, ಅಂದರೆ ಬಿಡುಗಡೆಯ ಆವೃತ್ತಿಗೆ ತಿದ್ದುಪಡಿಗಳನ್ನು ಮಾತ್ರ ಸೇರಿಸುವ ಕೋಡಿನ ಪ್ರತ್ಯೇಕ ಕವಲನ್ನು, ತೆರೆಯಲು ಒಂದು ಆಜ್ಞೆ ಸಾಕು. ತಿಂಗಳುಗಳು ಕಳೆದ ಮೇಲೂ ಅದು ಸ್ಥಿರವಾಗಿಯೇ ಇರುವಂತೆ ನೋಡಿಕೊಳ್ಳುವಲ್ಲಿ ತಂಡಗಳು ಎಡವುತ್ತವೆ, ಅದೂ ಹೆಚ್ಚಾಗಿ ಎರಡೇ ಕಡೆ. ಮೊದಲನೆಯದಾಗಿ, ‘ಇದೊಂದು ಸಣ್ಣ ಸೌಲಭ್ಯ ತಾನೇ’ ಎಂಬ ವಿನಾಯಿತಿಗಳು ಒಂದರ ಹಿಂದೊಂದು ಸೇರಿ, ಸ್ಥಿರ ಶಾಖೆಯೇ ಎರಡನೆಯ ಮುಖ್ಯ ಶಾಖೆಯಾಗಿಬಿಡುತ್ತದೆ. ಎರಡನೆಯದಾಗಿ, ಬಳಕೆದಾರರ ಒತ್ತಡಕ್ಕೆ ಮಣಿದು ಸ್ಥಿರ ಶಾಖೆಯಲ್ಲಿ ನೇರವಾಗಿ ಮಾಡಿದ ತಿದ್ದುಪಡಿ ಮುಖ್ಯ ಶಾಖೆಯನ್ನು ತಲುಪದೆ ಉಳಿಯುತ್ತದೆ, 2.4.3ರಲ್ಲಿ ಸರಿಹೋಗಿದ್ದ ದೋಷ 2.5.0ರಲ್ಲಿ ಮತ್ತೆ ತಲೆಯೆತ್ತುತ್ತದೆ.

ಎರಡೂ ಸಂದರ್ಭಗಳಲ್ಲಿ ತಪ್ಪುವುದು ಕೆಲಸದ ಕ್ರಮ. ತಿದ್ದುಪಡಿ ಮೊದಲು ಎಲ್ಲಿಗೆ ಹೋಗಬೇಕು, ಅಲ್ಲಿಂದ ಹೇಗೆ ದಾಟಬೇಕು, ದಾಟಿದ್ದಕ್ಕೆ ಗುರುತೇನು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಉಳಿದ ಎಚ್ಚರಿಕೆಗಳೆಲ್ಲ ನಿಷ್ಪ್ರಯೋಜಕ. ಮುಂದಿನ ವಿವರಣೆಯಲ್ಲಿ, ಈಗಾಗಲೇ ಬಳಕೆಯಲ್ಲಿರುವ 2.4 ಆವೃತ್ತಿಯನ್ನು ಸ್ಥಿರ ಶಾಖೆ ಎಂದೂ, 2.5ರ ಹೊಸ ಸೌಲಭ್ಯಗಳು ಬೆಳೆಯುತ್ತಿರುವ ಜಾಗವನ್ನು ಮುಖ್ಯ ಶಾಖೆ ಎಂದೂ ಇಟ್ಟುಕೊಳ್ಳೋಣ.

## ಆರಂಭಿಸುವ ಮುನ್ನ ಬೇಕಾದವು

ಶಾಖೆಗಳಿಗೆ ರಕ್ಷಣೆ ಹಾಕಲು ಅವಕಾಶವಿರುವ ಗಿಟ್ ಸರ್ವರ್, ಪ್ರತಿ ಕಮಿಟ್‌ಗೂ (ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆಗೂ) ತಾನಾಗಿ ಓಡುವ ಪರೀಕ್ಷೆಗಳು ಮತ್ತು ‘ಯಾವ ಆವೃತ್ತಿಗಳಿಗೆ ತಗಲುತ್ತದೆ’ ಎಂದು ನಮೂದಿಸಬಹುದಾದ ದೋಷ ದಾಖಲೆ ವ್ಯವಸ್ಥೆ, ಈ ಮೂರು ಇರಲೇಬೇಕು. ಸ್ವಯಂಚಾಲಿತ ಪರೀಕ್ಷೆಗಳಿಲ್ಲದ ತಂಡ ಮೊದಲು ಅವನ್ನು ಬರೆಯಲಿ. ಅವಿಲ್ಲದೆ ಶಾಖೆಗೆ ‘ಸ್ಥಿರ’ ಎಂದು ಹೆಸರಿಡಬಹುದು, ಅಷ್ಟೇ.

ನಿಮ್ಮ ಗಣಕದಲ್ಲಿ ಗಿಟ್ ವರ್ಕ್‌ಟ್ರೀ ಬಳಸಿ ಎರಡೂ ಶಾಖೆಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ತೆರೆದಿಟ್ಟುಕೊಳ್ಳಿ. ಒಂದೇ ಫೋಲ್ಡರ್‌ನಲ್ಲಿ ಶಾಖೆ ಬದಲಾಯಿಸುತ್ತಾ ಕೆಲಸ ಮಾಡುವವರು, ಹಿಂದಿನ ಬಿಲ್ಡ್‌ನ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸಿದಾಗಿನ) ಉಳಿಕೆ ಕಡತಗಳ ಮೇಲೆ ಪರೀಕ್ಷೆ ಓಡಿಸಿ, ಎಲ್ಲ ಸರಿಯಿದೆ ಎಂದು ನಂಬುವ ಅಪಾಯ ಹೆಚ್ಚು.

## ಹಂತ 1: ಒಳಗೆ ಏನು ಬರಬಹುದು ಎಂಬ ನಿಯಮವನ್ನು ಬರೆದಿಡಿ

ಶಾಖೆಯನ್ನು ತೆರೆಯುವ ಮೊದಲೇ ಈ ಕೆಲಸ ಮುಗಿಯಬೇಕು. ಒಂದು ಪುಟ ಮೀರದಂತೆ ನಿಯಮ ಬರೆದು, ರೆಪೊಸಿಟರಿಯೊಳಗೆ (ಕೋಡಿನ ಭಂಡಾರದೊಳಗೆ) ಒಂದು ಕಡತವಾಗಿ ಸೇರಿಸಿ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಸ್ಥಿರ ಸರಣಿಯ ನಿಯಮಗಳು ಇದಕ್ಕೆ ಒಳ್ಳೆಯ ಮಾದರಿ: ತಿದ್ದುಪಡಿ ಮುಖ್ಯ ಶಾಖೆಯಲ್ಲಿ ಈಗಾಗಲೇ ಇರಬೇಕು, ಮೇಲ್ನೋಟಕ್ಕೇ ಸರಿಯೆಂದು ಕಾಣುವಂತಿದ್ದು ಪರೀಕ್ಷೆಗೆ ಒಳಪಟ್ಟಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು ಮತ್ತು ಜನರಿಗೆ ನಿಜವಾಗಿ ತೊಂದರೆ ಕೊಡುತ್ತಿರುವ ದೋಷವನ್ನೇ ಸರಿಪಡಿಸಬೇಕು. 100 ಎಂಬ ಸಂಖ್ಯೆಯನ್ನೇ ನೀವು ಅನುಸರಿಸಬೇಕೆಂದಿಲ್ಲ, ಆದರೆ ಯಾವುದಾದರೊಂದು ಸಂಖ್ಯೆ ಇರಲಿ. ‘ಸಣ್ಣ ತಿದ್ದುಪಡಿಗಳು ಮಾತ್ರ’ ಎಂದು ಬರೆದರೆ ಎಲ್ಲರ ತಿದ್ದುಪಡಿಯೂ ಅವರವರ ಕಣ್ಣಿಗೆ ಸಣ್ಣದೇ.

ಜಗಳ ಹುಟ್ಟುವುದು ಅಂಚಿನ ಸಂದರ್ಭಗಳಲ್ಲಿ, ಆದ್ದರಿಂದ ಅವನ್ನು ಹೆಸರಿಸಿಯೇ ಬರೆಯಿರಿ. ವೇಗ ಹೆಚ್ಚಿಸುವ ಬದಲಾವಣೆ ಬರಬಹುದೇ? 2.3ಕ್ಕಿಂತ 2.4 ನಿಧಾನವಾಗಿದ್ದರೆ ಅದು ದೋಷ, ಬರಲಿ. ಇದ್ದ ವೇಗವನ್ನು ಇನ್ನಷ್ಟು ಹೆಚ್ಚಿಸುವುದಾದರೆ 2.5ಕ್ಕೆ ಕಾಯಲಿ. ಕೋಡ್ ಶುದ್ಧೀಕರಣ, ಹೆಸರು ಬದಲಾವಣೆ, ಲೈಬ್ರರಿಯ ದೊಡ್ಡ ಆವೃತ್ತಿಯ ನವೀಕರಣ ಯಾವುದೂ ಬೇಡ. ಸಂರಚನಾ ಕಡತದ ರೂಪ, ಎಪಿಐ (ಬೇರೆ ಪ್ರೋಗ್ರಾಂಗಳು ಕರೆಯುವ ಸಂಪರ್ಕ ವ್ಯವಸ್ಥೆ) ಕೊಡುವ ಉತ್ತರದ ರಚನೆ, ಡಿಸ್ಕ್ ಮೇಲೆ ದತ್ತಾಂಶ ಕೂರುವ ಬಗೆ, ಇವನ್ನು ಮುಟ್ಟಲೇಬಾರದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನ ಒಂದೇ ಸರಣಿಯೊಳಗಿನ ಸಣ್ಣ ಬಿಡುಗಡೆಗಳಿಗೆ ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬದೆಯೇ ದಾಟಬಹುದಾದದ್ದು, ಆ ರೂಪ ಸರಣಿಯುದ್ದಕ್ಕೂ ಬದಲಾಗದೆ ಉಳಿಯುವುದರಿಂದ.

ಕೊನೆಯ ಸಾಲಿನಲ್ಲಿ ಶಾಖೆಯ ಹೊಣೆಗಾರರ ಹೆಸರಿರಲಿ. ಅನುಮತಿ ಎಲ್ಲರ ಕೈಯಲ್ಲಿದ್ದರೆ ‘ಬೇಡ’ ಎನ್ನುವ ಕೆಲಸ ಯಾರದೂ ಆಗುವುದಿಲ್ಲ.

## ಹಂತ 2: ಶಾಖೆ ಕವಲೊಡೆಯುವ ಸಮಯವನ್ನು ಆರಿಸಿ

ತೀರಾ ಬೇಗ ಕವಲೊಡೆದರೆ, ಬಿಡುಗಡೆಗೆ ಮುನ್ನ ಸಿಗುವ ಪ್ರತಿಯೊಂದು ದೋಷವನ್ನೂ ಎರಡು ಕಡೆ ಸರಿಪಡಿಸಬೇಕಾಗುತ್ತದೆ. ತೀರಾ ತಡವಾದರೆ ಹೊಸ ಸೌಲಭ್ಯಗಳ ಕೆಲಸ ನಿಂತುಹೋಗಿ, ಕಾದು ಬೇಸತ್ತ ಡೆವಲಪರ್‌ಗಳು ಅರೆಬೆಂದ ಕೋಡನ್ನು ಕೊನೆಯ ಗಳಿಗೆಯಲ್ಲಿ ಒಳನುಗ್ಗಿಸುತ್ತಾರೆ. ಯೋಜಿಸಿದ ಸೌಲಭ್ಯಗಳೆಲ್ಲ ಸೇರಿ, ಬಿಡುಗಡೆಯನ್ನು ತಡೆಯುವಂಥ ದೋಷಗಳ ಪಟ್ಟಿ ದಿನದಿಂದ ದಿನಕ್ಕೆ ಇಳಿಯತೊಡಗಿದಾಗ ಕವಲೊಡೆಯುವುದು ಸೂಕ್ತ. ಪಟ್ಟಿ ಇನ್ನೂ ಏರುತ್ತಿದ್ದರೆ ಕಾಯಿರಿ.

ಆ ಹೊತ್ತಿಗೆ ಮುಖ್ಯ ಶಾಖೆಯಲ್ಲಿ ಅರ್ಧ ಮುಗಿದ ಸೌಲಭ್ಯವೊಂದು ಇದ್ದೇ ಇರುತ್ತದೆ. ಅದನ್ನು ಕೋಡಿನೊಳಗಿನ ಸ್ವಿಚ್‌ನಿಂದ ನಿಷ್ಕ್ರಿಯವಾಗಿಡಲು ಸಾಧ್ಯವಿದ್ದರೆ ಹಾಗೆಯೇ ಮಾಡಿ. ಸಾಧ್ಯವಿಲ್ಲದಿದ್ದರೆ ಮೊದಲು ಕವಲೊಡೆದು, ನಂತರ ಸ್ಥಿರ ಶಾಖೆಯಲ್ಲಿ ಮಾತ್ರ ಗಿಟ್ ರಿವರ್ಟ್ ಮೂಲಕ ಅದನ್ನು ಹಿಂತೆಗೆಯಿರಿ. ಹಾಗೆ ಮಾಡದೆ ಮುಖ್ಯ ಶಾಖೆಯಲ್ಲಿ ಮರ್ಜ್ (ಒಂದು ಶಾಖೆಯನ್ನು ಇನ್ನೊಂದಕ್ಕೆ ಸೇರಿಸುವುದು) ಒಂದನ್ನು ರಿವರ್ಟ್ ಮಾಡಿ, ಬಿಡುಗಡೆ ಮುಗಿದ ಮೇಲೆ ಸೌಲಭ್ಯದ ಅದೇ ಶಾಖೆಯನ್ನು ಮತ್ತೆ ಮರ್ಜ್ ಮಾಡಲು ಹೊರಟವರಿಗೆ ಹಳೆಯ ಕಮಿಟ್‌ಗಳು ಬರುವುದೇ ಇಲ್ಲ, ಏಕೆಂದರೆ ಗಿಟ್‌ನ ಲೆಕ್ಕದಲ್ಲಿ ಅವು ಆಗಲೇ ಸೇರಿಹೋಗಿವೆ. ಆಗ ಮಾಡಿದ ರಿವರ್ಟನ್ನೇ ರಿವರ್ಟ್ ಮಾಡಬೇಕಾಗುತ್ತದೆ, ಮತ್ತು ಇದು ನೆನಪಿಗೆ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

## ಹಂತ 3: ಶಾಖೆಯನ್ನು ತೆರೆದು, ಕೂಡಲೇ ಬೀಗ ಹಾಕಿ

ಶಾಖೆಗೆ ‘ರಿಲೀಸ್/2.4’ ಎಂಬಂತೆ ಸರಣಿಯ ಹೆಸರಿಡಿ. ‘ಸ್ಟೇಬಲ್’ ಎಂದಷ್ಟೇ ಹೆಸರಿಟ್ಟರೆ 2.5 ಬಂದ ದಿನ ಅದನ್ನು ಎತ್ತ ತಿರುಗಿಸುವುದೆಂಬ ಗೊಂದಲ ಶುರುವಾಗುತ್ತದೆ. ಕವಲೊಡೆದ ಬಿಂದುವಿಗೊಂದು ಟ್ಯಾಗ್ (ಆ ಕಮಿಟ್‌ಗೆ ಅಂಟಿಸುವ ಹೆಸರು) ಹಾಕಿ. ಎರಡು ಶಾಖೆಗಳ ನಡುವಿನ ವ್ಯತ್ಯಾಸವನ್ನು ಮುಂದೆ ಅಳೆಯುವಾಗ ಅದು ಕೆಲಸಕ್ಕೆ ಬರುತ್ತದೆ.

ಮುಂದಿನ ಮೂರು ಕೆಲಸಗಳು ಅದೇ ದಿನ ಮುಗಿಯಲಿ. ಮುಖ್ಯ ಶಾಖೆಯ ಆವೃತ್ತಿ ಸಂಖ್ಯೆಯನ್ನು 2.5ಕ್ಕೆ ಏರಿಸಿ, ಇಲ್ಲದಿದ್ದರೆ ಎರಡು ಬೇರೆ ಕೋಡ್‌ಗಳಿಂದ ಹುಟ್ಟಿದ ಬಿಲ್ಡ್‌ಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಸ್ಥಿರ ಶಾಖೆಗೆ ನೇರ ಪುಶ್ (ವಿಮರ್ಶೆಯಿಲ್ಲದೆ ಸರ್ವರ್‌ಗೆ ಕಮಿಟ್ ಕಳುಹಿಸುವುದು) ಮತ್ತು ಬಲವಂತದ ಪುಶ್ (ಅಲ್ಲಿರುವ ಇತಿಹಾಸವನ್ನೇ ಅಳಿಸಿ ಬರೆಯುವುದು) ಎರಡನ್ನೂ ಹೊಣೆಗಾರರ ಖಾತೆಯೂ ಸೇರಿದಂತೆ ಎಲ್ಲರಿಗೂ ನಿರ್ಬಂಧಿಸಿ. ಸ್ವಯಂಚಾಲಿತ ಪರೀಕ್ಷೆಗಳು ಈ ಶಾಖೆಯ ಮೇಲೂ ಓಡುತ್ತಿವೆಯೇ ಎಂದು ಉದ್ದೇಶಪೂರ್ವಕವಾಗಿ ಒಂದು ಪರೀಕ್ಷೆಯನ್ನು ಮುರಿಯುವ ಪ್ರಸ್ತಾವ ಕಳುಹಿಸಿ ನೋಡಿ. ಪಾಸಾದ ಗುರುತಾದ ಹಸಿರು ಬಣ್ಣವೇ ಬಂದರೆ ಅಲ್ಲಿ ಪರೀಕ್ಷೆ ಓಡುತ್ತಿಲ್ಲ ಎಂದರ್ಥ.

ಕೋಡಿನ ಜೊತೆಗೆ ಪರಿಸರವೂ ಸ್ಥಿರವಾಗಿರಬೇಕು. ಕಂಪೈಲರ್, ಮೂಲ ಕಂಟೇನರ್ ಇಮೇಜ್ (ಬಿಲ್ಡ್ ಓಡುವ ಪರಿಸರದ ಸಿದ್ಧ ಪ್ರತಿ), ಲೈಬ್ರರಿಗಳು, ಎಲ್ಲದರ ಆವೃತ್ತಿಯನ್ನೂ ಲಾಕ್ ಕಡತದಲ್ಲಿ ಗಟ್ಟಿಯಾಗಿ ಕಟ್ಟಿಡಿ. ‘ಲೇಟೆಸ್ಟ್’ ಎಂದು ಬರೆದ ಒಂದೇ ಒಂದು ಸಾಲು ಉಳಿದರೂ, ಯಾರೂ ಮುಟ್ಟದ ಶಾಖೆ ಒಂದು ಬೆಳಿಗ್ಗೆ ತಾನಾಗಿ ಮುರಿದಿರುತ್ತದೆ.

## ಹಂತ 4: ತಿದ್ದುಪಡಿ ಮೊದಲು ಮುಖ್ಯ ಶಾಖೆಗೆ

ದೋಷ 2.4ರಲ್ಲಿ ವರದಿಯಾಗಿದ್ದರೂ ಅದನ್ನು ಮೊದಲು ಮುಖ್ಯ ಶಾಖೆಯಲ್ಲಿ ಸರಿಪಡಿಸಿ, ಅಲ್ಲಿ ವಿಮರ್ಶೆ ಮುಗಿದು ಸೇರಿದ ಮೇಲೆ ಅದೇ ಕಮಿಟನ್ನು ಸ್ಥಿರ ಶಾಖೆಗೆ ನಕಲಿಸಿ. ಇದು ಒಮ್ಮುಖ ರಸ್ತೆ. ಸ್ಥಿರ ಶಾಖೆಯಿಂದ ಮುಖ್ಯ ಶಾಖೆಗೆ ಮರ್ಜ್ ಮಾಡುವ ಮಾತೇ ಇಲ್ಲ: ಹಂತ 2ರಲ್ಲಿ ಸ್ಥಿರ ಶಾಖೆಯಲ್ಲಷ್ಟೇ ಮಾಡಿದ ರಿವರ್ಟ್ ಆ ಮರ್ಜ್‌ನೊಂದಿಗೆ ಬಂದು, 2.5ಕ್ಕೆಂದು ಸಿದ್ಧವಾಗುತ್ತಿರುವ ಸೌಲಭ್ಯವನ್ನು ಸದ್ದಿಲ್ಲದೆ ಅಳಿಸಿಬಿಡಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಪದ್ಧತಿಯೂ ಇದೆ. ಗಿಟ್ ಯೋಜನೆಯೇ ತನ್ನ ತಿದ್ದುಪಡಿಗಳನ್ನು ಅವು ಬೇಕಾದ ಅತ್ಯಂತ ಹಳೆಯ ಶಾಖೆಗೆ ಸೇರಿಸಿ, ಅಲ್ಲಿಂದ ಮೇಲಕ್ಕೆ ಮರ್ಜ್ ಮಾಡುತ್ತಾ ಬರುತ್ತದೆ. ಸ್ಥಿರ ಶಾಖೆಯಲ್ಲಿ ತಿದ್ದುಪಡಿಗಳಲ್ಲದೆ ಬೇರೇನನ್ನೂ ಮಾಡದ ಶಿಸ್ತು ಇದ್ದಲ್ಲಿ ಆ ದಾರಿ ಸೊಗಸಾಗಿಯೇ ನಡೆಯುತ್ತದೆ, ಯಾವ ತಿದ್ದುಪಡಿಯೂ ಕಳೆದುಹೋಗುವುದಿಲ್ಲ. ಆದರೂ ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಮೊದಲನೆಯದೇ. ಎರಡನ್ನೂ ಬೆರೆಸುವುದಂತೂ ಬೇಡ. ಕೆಲವನ್ನು ಕೆಳಗೆ ನಕಲಿಸಿ, ಕೆಲವನ್ನು ಮೇಲಕ್ಕೆ ಮರ್ಜ್ ಮಾಡಿದ ರೆಪೊಸಿಟರಿಯಲ್ಲಿ ಒಂದೇ ಬದಲಾವಣೆ ಎರಡು ಗುರುತುಗಳಲ್ಲಿ (ಗಿಟ್ ಪ್ರತಿ ಕಮಿಟ್‌ಗೂ ಕೊಡುವ ಸಂಕೇತಗಳಲ್ಲಿ) ಕಾಣಿಸಿಕೊಂಡು, ಮರ್ಜ್ ಸಂಘರ್ಷಗಳಿಗೆ (ಗಿಟ್ ತಾನಾಗಿ ಹೊಂದಿಸಲಾರದ ಬದಲಾವಣೆಗಳಿಗೆ) ಕೊನೆಯೇ ಇರುವುದಿಲ್ಲ.

ಮುಖ್ಯ ಶಾಖೆ ಮೊದಲು ಎಂಬ ನಿಯಮಕ್ಕೆ ಒಂದೇ ನ್ಯಾಯವಾದ ವಿನಾಯಿತಿ ಇದೆ: ದೋಷವಿರುವ ಕೋಡ್ ಮುಖ್ಯ ಶಾಖೆಯಲ್ಲಿ ಈಗ ಇಲ್ಲದಿರುವುದು. ಆಗ ನೇರವಾಗಿ ಸ್ಥಿರ ಶಾಖೆಗೇ ತಿದ್ದುಪಡಿ ಬರೆಯಿರಿ, ಆದರೆ ಕಮಿಟ್ ಸಂದೇಶದಲ್ಲಿ ‘ಮುಖ್ಯ ಶಾಖೆಗೆ ಅನ್ವಯಿಸದು, ಕಾರಣ ಇಂಥದ್ದು’ ಎಂದು ಸ್ಪಷ್ಟವಾಗಿ ನಮೂದಿಸಿ.

## ಹಂತ 5: ಯಾವ ಕಮಿಟ್‌ಗಳು ದಾಟಬೇಕು ಎಂಬುದನ್ನು ಗುರುತಿಸಿ

ಬಿಡುಗಡೆಯ ಹಿಂದಿನ ದಿನ ಕೂತು ಇಡೀ ಇತಿಹಾಸವನ್ನು ತಡಕಾಡುವುದು ಸೋಲುವ ದಾರಿ. ತಿದ್ದುಪಡಿ ಬರೆಯುವಾಗಲೇ ಲೇಖಕರು ಎರಡು ಪ್ರಶ್ನೆಗಳಿಗೆ ಕಮಿಟ್ ಸಂದೇಶದಲ್ಲಿ ಉತ್ತರಿಸಬೇಕು: ಈ ದೋಷವನ್ನು ತಂದ ಕಮಿಟ್ ಯಾವುದು, ಈ ತಿದ್ದುಪಡಿ ಯಾವ ಸರಣಿಗಳಿಗೆ ಬೇಕು? ಲಿನಕ್ಸ್ ಕರ್ನೆಲ್‌ನಲ್ಲಿ ಮೊದಲನೆಯದಕ್ಕೆ ‘ಫಿಕ್ಸಸ್’ ಎಂಬ ಸಾಲು ಇದೆ. ದೋಷ ತಂದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳು ಮತ್ತು ಅದರ ಶೀರ್ಷಿಕೆ ಅಲ್ಲಿರುತ್ತವೆ. ದೋಷ ತಂದ ಕಮಿಟ್ ಗೊತ್ತಿಲ್ಲದಿದ್ದರೆ ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಶೋಧಿಸುವ ಗಿಟ್ ಬೈಸೆಕ್ಟ್ ಬಳಸಿ ಹುಡುಕಿ.

ಆ ಸಾಲು ಇದ್ದರೆ, ಸ್ಥಿರ ಶಾಖೆಗೆ ತಿದ್ದುಪಡಿ ಬೇಕೋ ಬೇಡವೋ ಎಂಬುದು ಅಭಿಪ್ರಾಯದ ವಿಷಯವಾಗಿ ಉಳಿಯುವುದಿಲ್ಲ. ದೋಷ ತಂದ ಕಮಿಟ್ ಕವಲು ಬಿಂದುವಿನ ನಂತರ ಮುಖ್ಯ ಶಾಖೆಗಷ್ಟೇ ಸೇರಿದ್ದರೆ 2.4ಕ್ಕೆ ತಿದ್ದುಪಡಿ ಬೇಡ. ಒಂದು ಎಚ್ಚರಿಕೆ: ಗಿಟ್ ಟ್ಯಾಗ್‌ನ ‘ಕಂಟೇನ್ಸ್’ ಆಯ್ಕೆ ಮೂಲ ಕಮಿಟ್ ಇರುವ ಟ್ಯಾಗ್‌ಗಳನ್ನು ಮಾತ್ರ ತೋರಿಸುತ್ತದೆ. ದೋಷಪೂರಿತ ಕಮಿಟ್ ಸ್ವತಃ ಹಿಂದೊಮ್ಮೆ ನಕಲಾಗಿ 2.4ಕ್ಕೆ ಬಂದಿದ್ದರೆ ನಕಲಿಗೆ ಬೇರೆ ಗುರುತು ಇರುವುದರಿಂದ ಅದು ಕಾಣುವುದಿಲ್ಲ. ಮೂಲ ಗುರುತನ್ನು ಸ್ಥಿರ ಶಾಖೆಯ ಕಮಿಟ್ ಸಂದೇಶಗಳಲ್ಲಿಯೂ ಹುಡುಕಬೇಕು.

ಇದೇ ಹುಡುಕಾಟವನ್ನು ಎದುರು ದಿಕ್ಕಿನಲ್ಲೂ ಮಾಡಿ. ನೀವು ದಾಟಿಸಲು ಹೊರಟ ತಿದ್ದುಪಡಿಯನ್ನೇ ಸರಿಪಡಿಸುವ ಇನ್ನೊಂದು ಕಮಿಟ್ ಮುಖ್ಯ ಶಾಖೆಯಲ್ಲಿ ಆಗಲೇ ಬಂದಿದೆಯೇ? ಬಂದಿದ್ದರೆ ಎರಡೂ ಒಟ್ಟಿಗೆ ಬರಬೇಕು. ಇದೇ ಕಾರಣಕ್ಕೆ, ತುರ್ತಿಲ್ಲದ ತಿದ್ದುಪಡಿಗಳನ್ನು ಮುಖ್ಯ ಶಾಖೆಯಲ್ಲಿ ಕೆಲವು ದಿನ ಇರಲು ಬಿಡುವುದು ಒಳ್ಳೆಯದು. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯಲ್ಲಿ ಕಮಿಟ್ ಸಂದೇಶದಲ್ಲಿಯೇ ‘ಮೂರು ದಿನ’, ‘ಒಂದು ವಾರ’ ಎಂದು ಆ ಕಾಯುವ ಅವಧಿಯನ್ನು ಬರೆಯುವ ರೂಢಿಯಿದೆ.

## ಹಂತ 6: ಚೆರಿ-ಪಿಕ್ ಮಾಡಿ, ಅರ್ಥವನ್ನೂ ಹೊಂದಿಸಿ

ಒಂದು ಕಮಿಟನ್ನು ಬೇರೆ ಶಾಖೆಗೆ ನಕಲಿಸುವ ಗಿಟ್ ಚೆರಿ-ಪಿಕ್ ಆಜ್ಞೆಯನ್ನು ಯಾವಾಗಲೂ ‘-ಎಕ್ಸ್’ ಆಯ್ಕೆಯೊಂದಿಗೆ ಬಳಸಿ. ಆಗ ಮೂಲ ಕಮಿಟ್‌ನ ಗುರುತು ಸಂದೇಶದ ಕೊನೆಯಲ್ಲಿ ತಾನಾಗಿ ಸೇರುತ್ತದೆ. ಮುಂದಿನ ಎಲ್ಲ ಲೆಕ್ಕ ತಪಾಸಣೆಗೂ ಅದೇ ಆಧಾರ. ಹಲವು ಕಮಿಟ್‌ಗಳಿದ್ದರೆ ಮುಖ್ಯ ಶಾಖೆಗೆ ಸೇರಿದ ಕ್ರಮದಲ್ಲಿಯೇ, ಹಳೆಯದರಿಂದ ಹೊಸದರ ಕಡೆಗೆ ತೆಗೆದುಕೊಳ್ಳಿ. ಮರ್ಜ್ ಕಮಿಟನ್ನೇ ತೆಗೆದುಕೊಳ್ಳಬೇಕಾದಾಗ ಯಾವ ಪೋಷಕಕ್ಕೆ (ಅದರ ಹಿಂದಿನ ಯಾವ ಕಮಿಟ್‌ಗೆ) ಹೋಲಿಸಬೇಕೆಂಬುದನ್ನು ‘-ಎಂ 1’ ಎಂದು ತಿಳಿಸಬೇಕಾಗುತ್ತದೆ.

ಸಂಘರ್ಷ ಬಂದರೆ ಅದೊಂದು ಮಾಹಿತಿ. ಮುಖ್ಯ ಶಾಖೆಯ ಯಾವುದೋ ಪೂರ್ವಭಾವಿ ಬದಲಾವಣೆಯ ಮೇಲೆ ಈ ತಿದ್ದುಪಡಿ ನಿಂತಿದೆ ಎಂದು ಅದು ಹೇಳುತ್ತಿದೆ. ಆ ಬದಲಾವಣೆಯನ್ನೂ, ಅದಕ್ಕೆ ಬೇಕಾದ ಇನ್ನೊಂದನ್ನೂ ಎಳೆದು ತರುತ್ತಾ ಹೋದರೆ ನಾಲ್ಕನೆಯ ಕಮಿಟ್ ಹೊತ್ತಿಗೆ ಹೊಸ ಸೌಲಭ್ಯವೇ ಒಳಗೆ ಬಂದಿರುತ್ತದೆ. ಎರಡನ್ನು ಮೀರುವಂತಿದ್ದರೆ ನಕಲಿಸುವುದನ್ನು ಬಿಟ್ಟು, ಹಳೆಯ ಕೋಡಿಗೆ ಹೊಂದುವ ಸಣ್ಣ ತಿದ್ದುಪಡಿಯನ್ನು ಹೊಸದಾಗಿ ಬರೆಯಿರಿ. ಮೂಲ ಕಮಿಟ್‌ನ ಗುರುತನ್ನೂ, ಏನನ್ನು ಬದಲಿಸಿದಿರಿ ಎಂಬುದನ್ನೂ ಸಂದೇಶದಲ್ಲಿ ತಿಳಿಸಿ.

ನಿಜವಾಗಿ ಭಯಪಡಬೇಕಾದದ್ದು ಸಂಘರ್ಷವೇ ಬಾರದ ಸಂದರ್ಭಕ್ಕೆ. ಒಂದು ಉದಾಹರಣೆ ನೋಡಿ. 2.4ರಲ್ಲಿ ಕಡತ ಓದುವ ಕಾರ್ಯವೊಂದು (ಫಂಕ್ಷನ್) ವಿಫಲವಾದಾಗ -1 ಹಿಂತಿರುಗಿಸುತ್ತದೆ. ಮುಖ್ಯ ಶಾಖೆಯಲ್ಲಿ ಅದೇ ಕಾರ್ಯವನ್ನು ಬದಲಿಸಿ, ವೈಫಲ್ಯದಲ್ಲಿ ಎಕ್ಸೆಪ್ಶನ್ (ತಪ್ಪಾಗಿದೆ ಎಂದು ಸಾರುವ ಸಂಕೇತ) ಎಸೆಯುವಂತೆ ಮಾಡಲಾಗಿದೆ. ಈಗ ಅದನ್ನು ಕರೆಯುವ ಇನ್ನೊಂದು ಕಡತದಲ್ಲಿ, ಎಕ್ಸೆಪ್ಶನ್ ಹಿಡಿದು ಬಳಕೆದಾರರಿಗೆ ಸಂದೇಶ ತೋರಿಸುವ ತಿದ್ದುಪಡಿಯೊಂದು ಬರುತ್ತದೆ. ಚೆರಿ-ಪಿಕ್ ಮಾಡಿದರೆ ಸಂಘರ್ಷವಿಲ್ಲ, ಕಂಪೈಲ್ ಆಗುತ್ತದೆ, ಹಳೆಯ ಪರೀಕ್ಷೆಗಳೂ ಪಾಸಾಗುತ್ತವೆ. ಆದರೆ 2.4ರಲ್ಲಿ ಯಾರೂ ಎಕ್ಸೆಪ್ಶನ್ ಎಸೆಯುವುದೇ ಇಲ್ಲ. -1 ಎಂಬ ಉತ್ತರ ಕಡತದ ಉದ್ದವೆಂಬಂತೆ ಮುಂದೆ ಸಾಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಆದ್ದರಿಂದ ತಿದ್ದುಪಡಿಯ ಪ್ರತಿಯೊಂದು ಸಾಲು ಕರೆಯುವ ಕಾರ್ಯಗಳನ್ನು ಸ್ಥಿರ ಶಾಖೆಯ ಫೋಲ್ಡರ್‌ನಲ್ಲಿ ತೆರೆದು ಓದಿ. ಗಿಟ್ ಸಾಲುಗಳನ್ನು ಹೊಂದಿಸಿಕೊಡುತ್ತದೆ, ಅರ್ಥವನ್ನಲ್ಲ.

ಮೂರು ನಾಲ್ಕು ಸರಣಿಗಳನ್ನು ನೋಡಿಕೊಳ್ಳುವವರು ಗಿಟ್‌ನ ‘ರೆರೆರೆ’ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಿ; ಒಮ್ಮೆ ಬಗೆಹರಿಸಿದ ಸಂಘರ್ಷವನ್ನು ನೆನಪಿಟ್ಟು ಮುಂದಿನ ಬಾರಿ ಅದು ತಾನೇ ಬಗೆಹರಿಸುತ್ತದೆ. ಮೊದಲ ಬಾರಿ ತಪ್ಪಾಗಿ ಬಗೆಹರಿಸಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮರುಕಳಿಸುತ್ತದೆ ಎಂಬುದು ಗಮನದಲ್ಲಿರಲಿ.

## ಹಂತ 7: ಸ್ಥಿರ ಶಾಖೆಯ ಮೇಲೆಯೇ ಪರೀಕ್ಷಿಸಿ

ಮುಖ್ಯ ಶಾಖೆಯಲ್ಲಿ ಪರೀಕ್ಷೆ ಪಾಸಾಗಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಮೊದಲು ತಿದ್ದುಪಡಿಯೊಂದಿಗೆ ಬಂದ ಪರೀಕ್ಷೆಯನ್ನು ಮಾತ್ರ ಸ್ಥಿರ ಶಾಖೆಗೆ ತಂದು ಓಡಿಸಿ, ಅದು ವಿಫಲವಾಗಬೇಕು. ವಿಫಲವಾಗದಿದ್ದರೆ ದೋಷ ಈ ಶಾಖೆಯಲ್ಲಿ ಇಲ್ಲ, ಅಥವಾ ಬೇರೆ ರೂಪದಲ್ಲಿದೆ. ಎರಡರಲ್ಲಿ ಯಾವುದಾದರೂ ಮುಂದುವರಿಯಬೇಡಿ. ಬಳಿಕ ತಿದ್ದುಪಡಿ ಸೇರಿಸಿ ಓಡಿಸಿ. ಮೇಲಿನ -1ರ ಉದಾಹರಣೆಯಲ್ಲಿ, ನಿಜವಾದ ಕಡತದ ಮೇಲೆ ಬರೆದ ಪರೀಕ್ಷೆ ತಿದ್ದುಪಡಿಯ ನಂತರವೂ ವಿಫಲವಾಗುವುದರಿಂದ ತಪ್ಪು ಇಲ್ಲಿಯೇ ಸಿಕ್ಕಿಬೀಳುತ್ತದೆ.

## ಹಂತ 8: ಡೇಟಾಬೇಸ್ ಬದಲಾವಣೆಗಳ ವಿಷಯದಲ್ಲಿ ವಿಶೇಷ ಎಚ್ಚರ

ಸ್ಥಿರ ಶಾಖೆಯಲ್ಲಿ ಡೇಟಾಬೇಸ್ ರಚನೆಯನ್ನು ಬದಲಿಸುವ ಮೈಗ್ರೇಷನ್ ಇರಬಾರದು ಎಂಬುದೇ ಸರಿಯಾದ ನಿಯಮ. ಕಾರಣ ಹೀಗಿದೆ: ಕವಲೊಡೆದಾಗ ಕೊನೆಯ ಮೈಗ್ರೇಷನ್‌ನ ಸಂಖ್ಯೆ 41 ಎಂದುಕೊಳ್ಳಿ. ಮುಖ್ಯ ಶಾಖೆಯಲ್ಲಿ ಹೊಸ ಕೆಲಸಕ್ಕೆಂದು 42ರಿಂದ 47ರವರೆಗೆ ಬಂದಿವೆ. ಇತ್ತ ತುರ್ತು ದೋಷಕ್ಕೆಂದು ಯಾರೋ ಸ್ಥಿರ ಶಾಖೆಯಲ್ಲಿ ಹುಡುಕಾಟಕ್ಕೆ ನೆರವಾಗುವ ಸೂಚಿಯೊಂದನ್ನು (ಇಂಡೆಕ್ಸ್) ಸೇರಿಸಿ ಅದಕ್ಕೂ 42 ಎಂದು ಸಂಖ್ಯೆ ಕೊಡುತ್ತಾರೆ. ಬಳಕೆದಾರರು 2.5ಕ್ಕೆ ಏರಿದಾಗ ಮೈಗ್ರೇಷನ್ ಓಡಿಸುವ ಉಪಕರಣವು 42 ಆಗಲೇ ಮುಗಿದಿದೆ ಎಂದು ನಂಬಿ, ಮುಖ್ಯ ಶಾಖೆಯ 42ನ್ನು ಬಿಟ್ಟು 43ಕ್ಕೆ ಕೈಹಾಕುತ್ತದೆ. ಹೊಸದಾಗಿ ಅನುಸ್ಥಾಪಿಸಿದವರಲ್ಲಿ ಎಲ್ಲವೂ ಸರಿಯಾಗಿಯೇ ಇರುವುದರಿಂದ ಈ ದೋಷದ ಮೂಲ ಹುಡುಕುವುದು ಬಹಳ ಕಷ್ಟ.

ಅನಿವಾರ್ಯವಾದಾಗ ಸಂಖ್ಯೆಯ ಬದಲು ವಿಶಿಷ್ಟ ಗುರುತುಳ್ಳ ಮೈಗ್ರೇಷನ್ ಬಳಸಿ, ಅದನ್ನು ಮೊದಲು ಮುಖ್ಯ ಶಾಖೆಗೆ ಸೇರಿಸಿ ಅದೇ ಗುರುತಿನೊಂದಿಗೆ ಸ್ಥಿರ ಶಾಖೆಗೆ ತನ್ನಿ, ಮತ್ತು ಎರಡು ಬಾರಿ ಓಡಿದರೂ ಹಾನಿಯಾಗದಂತೆ ಬರೆಯಿರಿ. ಹೊಸ ಗುರುತು ಈಗಾಗಲೇ ಓಡಿದ ಕೊನೆಯ ಮೈಗ್ರೇಷನ್‌ಗಿಂತ ಹಿಂದಿನದಾಗಿದ್ದರೂ ನಿಮ್ಮ ಉಪಕರಣ ಅದನ್ನು ಓಡಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಕೊನೆಯ 2.4ರಿಂದ ಮುಂದಿನ 2.5ಕ್ಕೆ ಏರುವ ಪರೀಕ್ಷೆ ಪ್ರತಿದಿನವೂ ಓಡುತ್ತಿರಲಿ.

## ಹಂತ 9: ಬಿಡುಗಡೆಗೆ ಮುನ್ನ ಲೆಕ್ಕ ತಾಳೆ ನೋಡಿ

ಗಿಟ್ ಚೆರಿ ಎಂಬ ಪ್ರತ್ಯೇಕ ಆಜ್ಞೆಗೆ ಮೊದಲು ಮುಖ್ಯ ಶಾಖೆಯ, ನಂತರ ಸ್ಥಿರ ಶಾಖೆಯ ಹೆಸರು ಕೊಟ್ಟರೆ, ಸ್ಥಿರ ಶಾಖೆಯ ಕಮಿಟ್‌ಗಳ ಪಟ್ಟಿ ಸಿಗುತ್ತದೆ. ಮುಖ್ಯ ಶಾಖೆಯಲ್ಲಿ ಸಮಾನ ಬದಲಾವಣೆ ಇರುವವಕ್ಕೆ ಕಳೆಯುವ ಚಿಹ್ನೆ, ಇಲ್ಲದವಕ್ಕೆ ಕೂಡುವ ಚಿಹ್ನೆ. ಕೂಡುವ ಚಿಹ್ನೆಯ ಪ್ರತಿಯೊಂದು ಸಾಲಿಗೂ ವಿವರಣೆ ಬೇಕು. ಸಂಘರ್ಷ ಬಗೆಹರಿಸುವಾಗ ಬದಲಾದ ನಕಲುಗಳೂ ಈ ಪಟ್ಟಿಯಲ್ಲಿ ಬರುತ್ತವೆ, ಏಕೆಂದರೆ ಹೋಲಿಕೆ ನಡೆಯುವುದು ಬದಲಾದ ಸಾಲುಗಳ ಆಧಾರದ ಮೇಲೆ. ಅಂಥವನ್ನು ‘-ಎಕ್ಸ್’ ಬರೆದ ಗುರುತಿನಿಂದ ಪತ್ತೆಹಚ್ಚಿ ಬದಿಗಿಡಿ. ಅದೂ ಇಲ್ಲದೆ, ‘ಮುಖ್ಯ ಶಾಖೆಗೆ ಅನ್ವಯಿಸದು’ ಎಂಬ ಟಿಪ್ಪಣಿಯೂ ಇಲ್ಲದೆ ಉಳಿದ ಕಮಿಟ್‌ಗಳೇ 2.5ರಲ್ಲಿ ಕಳೆದುಹೋಗಲಿರುವ ತಿದ್ದುಪಡಿಗಳು. ಅವನ್ನು ಬಗೆಹರಿಸುವವರೆಗೆ ಬಿಡುಗಡೆ ನಿಲ್ಲಲಿ.

ಅನಂತರ ಸಹಿ ಮಾಡಿದ ಟ್ಯಾಗ್ ಹಾಕಿ. ಒಮ್ಮೆ ಹೊರಹೋದ ಟ್ಯಾಗನ್ನು ಯಾವ ಕಾರಣಕ್ಕೂ ಸರಿಸಬೇಡಿ, 2.4.4ರಲ್ಲಿ ತಪ್ಪು ಕಂಡರೆ 2.4.5 ಹೊರತನ್ನಿ.

## ಶಾಖೆ ಕೆಡುತ್ತಿರುವ ಲಕ್ಷಣಗಳು

ಬಿಡುಗಡೆ ಟಿಪ್ಪಣಿಯಲ್ಲಿ ‘ಸೇರಿಸಲಾಗಿದೆ’ ಎಂಬ ಕ್ರಿಯಾಪದ ಕಾಣಿಸಿಕೊಳ್ಳುವುದು ಮೊದಲ ಲಕ್ಷಣ. ಸ್ಥಿರ ಸರಣಿಯ ಟಿಪ್ಪಣಿಯಲ್ಲಿ ಇರಬೇಕಾದದ್ದು ‘ಸರಿಪಡಿಸಲಾಗಿದೆ’ ಎಂಬುದು ಮಾತ್ರ. ಬಿಡುಗಡೆಯಿಂದ ಬಿಡುಗಡೆಗೆ ಕಮಿಟ್‌ಗಳ ಸಂಖ್ಯೆ ಇಳಿಯುವ ಬದಲು ಏರುತ್ತಿದ್ದರೆ, ಹಿಂದಿನ ತಿದ್ದುಪಡಿಯನ್ನೇ ಸರಿಪಡಿಸುವ ತಿದ್ದುಪಡಿಗಳು ಪದೇಪದೇ ಬರುತ್ತಿದ್ದರೆ, ಹಂತ 1ರ ನಿಯಮ ಕಾಗದದಲ್ಲಷ್ಟೇ ಉಳಿದಿದೆ ಎಂದು ತಿಳಿಯಿರಿ. ಚೆರಿ-ಪಿಕ್‌ಗಳಲ್ಲಿ ಅರ್ಧಕ್ಕರ್ಧ ಸಂಘರ್ಷವಾಗತೊಡಗಿದಾಗ ಮಾತ್ರ ಸಮಸ್ಯೆ ಬೇರೆಯೇ: ಎರಡು ಶಾಖೆಗಳು ತೀರಾ ದೂರ ಸರಿದಿವೆ, 2.5 ತಡವಾಗಿದೆ.

## ಹಂತ 10: ಮುಕ್ತಾಯದ ದಿನಾಂಕ ಘೋಷಿಸಿ, ಅಂದೇ ಮುಚ್ಚಿ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರತಿ ಪ್ರಮುಖ ಆವೃತ್ತಿಯನ್ನು 5 ವರ್ಷ ನೋಡಿಕೊಳ್ಳುತ್ತದೆ. ಪೈಥಾನ್‌ನ ಆವೃತ್ತಿಗಳಿಗೂ ಹೆಚ್ಚುಕಡಿಮೆ ಅಷ್ಟೇ ಆಯಸ್ಸು, ಆದರೆ ಆರಂಭದ ಅವಧಿಯ ನಂತರ ಭದ್ರತಾ ತಿದ್ದುಪಡಿಗಳಿಗೆ ಮಾತ್ರ ಪ್ರವೇಶ. ಸಣ್ಣ ತಂಡಗಳು ಇಷ್ಟು ದೀರ್ಘ ಭರವಸೆ ಕೊಡುವ ಅಗತ್ಯವಿಲ್ಲ. ಆದರೆ ದಿನಾಂಕವನ್ನು 2.4.0 ಹೊರಬಂದ ದಿನವೇ ಪ್ರಕಟಿಸಬೇಕು. ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಸ್ಥಿರ ಸರಣಿಗಳನ್ನು ಹೊರುವುದು ಐದಾರು ಜನರ ತಂಡಕ್ಕೆ ಭಾರವೇ ಸರಿ.

ಕೊನೆಯ ಬಿಡುಗಡೆಯಾದ ಮೇಲೆ ಶಾಖೆಯನ್ನು ಓದಲು ಮಾತ್ರ ತೆರೆದಿಟ್ಟು, ಅದಕ್ಕೆ ಮರ್ಜ್ ಮಾಡುವ ಅನುಮತಿಯನ್ನು ಎಲ್ಲರಿಂದಲೂ ತೆಗೆಯಿರಿ. ಅದರ ಮೇಲೆ ಬಾಕಿ ಇರುವ ಪ್ರಸ್ತಾವಗಳನ್ನು ಒಂದೊಂದಾಗಿ ನೋಡಿ, ಮುಖ್ಯ ಶಾಖೆಗೆ ಬೇಕಾದವನ್ನು ಅಲ್ಲಿಗೆ ತಿರುಗಿಸಿ ಉಳಿದವನ್ನು ಕಾರಣ ಬರೆದು ಮುಚ್ಚಿ. ಪರೀಕ್ಷಾ ವ್ಯವಸ್ಥೆಯಿಂದ ಆ ಶಾಖೆಯ ದೈನಂದಿನ ಓಟವನ್ನು ಕಿತ್ತುಹಾಕಿ, ಆದರೆ ಟ್ಯಾಗ್‌ಗಳನ್ನೂ ಅಂತಿಮ ಬಿಲ್ಡ್ ಮಾಡಲು ಬಳಸಿದ ಕಂಟೇನರ್ ಇಮೇಜನ್ನೂ ಉಳಿಸಿಕೊಳ್ಳಿ; ಹಳೆಯ ದತ್ತಾಂಶವನ್ನು ತೆರೆಯಬೇಕಾದ ಬಳಕೆದಾರರೊಬ್ಬರು ಎಂದಾದರೂ ಬಂದೇ ಬರುತ್ತಾರೆ.